ಇಡೀ ಪುಸ್ತಕ

"ಸಾರ್, ಇದು ಕಳ್ಳತನ."

ಲೈಬ್ರೇರಿಯನ್ ಸತ್ಯಭಾಮಾ ಈ ಮಾತನ್ನು ಬೈರಣ್ಣನ ಕಿವಿಯಲ್ಲಿ ಹೇಳಿದ್ದರೆ ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಅವಳು ಹೇಳಿದ್ದು ಜಯನಗರದ ಆ ಕಾಲೇಜಿನ ರೀಡಿಂಗ್ ರೂಮಿನ ನಟ್ಟನಡುವೆ, ಅವನದೇ ಬಿ.ಎ. ಹುಡುಗರ ಎದುರಿಗೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ದನಿ ಏರಿಸದೆ. ಏರಿಸಿದ್ದರೆ ಅವನೂ ಏರಿಸಬಹುದಿತ್ತು.

ಅವನು ಮಾಡಿದ್ದಾದರೂ ಏನು? ಪಾಠಕ್ಕೆ ಬೇಕಾದ ಓದನ್ನು ಲೈಬ್ರರಿಯ ವೆಬ್‌ಸೈಟಿನಲ್ಲಿ ಇಡುವ ಇ-ರಿಸರ್ವ್ ಎಂಬ ಏರ್ಪಾಡು ಹೊಸದಾಗಿ ಬಂದಿತ್ತು. ಹುಡುಗರು ಮನೆಯಿಂದಲೇ ಫೋನಿನಲ್ಲಿ ಓದಿಕೊಳ್ಳಬಹುದು. ಇತಿಹಾಸ ವಿಭಾಗದ ಮುಖ್ಯಸ್ಥ ಬೈರಣ್ಣ ಒಂದು ಪುಸ್ತಕವನ್ನು ರಟ್ಟಿನಿಂದ ರಟ್ಟಿಗೆ ಸ್ಕ್ಯಾನ್ ಮಾಡಿ ಏರಿಸಿದ್ದ.

"ಒಂದು ಅಧ್ಯಾಯ ಹಾಕಿ, ಬೇಡ ಅನ್ನಲ್ಲ. ಇಡೀ ಪುಸ್ತಕ ಹಾಕಿದ್ರೆ ಬರೆದೋರ ಹೊಟ್ಟೆ ಮೇಲೆ ಹೊಡೆದ ಹಾಗೆ," ಎಂದು ಅವಳು ಅವನ ಕಣ್ಣೆದುರೇ ಅದನ್ನು ಅಳಿಸಿಹಾಕಿದಳು.

ಹಿಂದೆ ಯಾವನೋ ಕಿಸಕ್ಕೆಂದ. "ಮಗಾ, ಜೆರಾಕ್ಸ್ ಬೈರಣ್ಣ!"

ಸಂಜೆಯೊಳಗೆ ಆ ಹೆಸರು ಕ್ಯಾಂಟೀನು ದಾಟಿ ಬಸ್‌ಸ್ಟಾಪು ಮುಟ್ಟಿತ್ತು.

ಸುಬ್ರಹ್ಮಣ್ಯಪುರದಲ್ಲಿ ಅವನ ಅಪ್ಪ ಬಾಯಿ ತೆರೆದರೆ ಪಂಚಾಯ್ತಿ ಕಟ್ಟೆ ಸುಮ್ಮನಾಗುತ್ತಿತ್ತು. ಆ ಮನೆಯಲ್ಲಿ ಎಂ.ಎ. ಓದಿ ಮೇಷ್ಟ್ರಾದ ಮೊದಲಿಗ ಬೈರಣ್ಣ. ಅವನನ್ನು ಕಳ್ಳ ಎಂದವಳು ಕಳ್ಳಿ ಎನ್ನಿಸಿಕೊಂಡೇ ಆ ಗೇಟು ದಾಟಬೇಕು. ಬರೀ ಕೆಲಸ ಹೋದರೆ ಸಾಲದು, ಹೆಸರು ಹೋಗಬೇಕು. ಅದೂ ಇದೇ ತಪ್ಪಿಗೆ.

ಮೊದಲು ಅವನು ಬಗ್ಗಿದ. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, "ಮೇಡಂ ಹೇಳಿದ್ದೇ ಸರಿ. ಹಳ್ಳಿ ಸ್ಕೂಲಲ್ಲಿ ಓದ್ದೋನು ನಾನು, ಈ ಕಾಪಿರೈಟು ಗೀಪಿರೈಟು ನಂಗೆಲ್ಲಿ ಗೊತ್ತು?" ಎಂದು ಕೈಮುಗಿದ. ಎಲ್ಲರೂ ನಕ್ಕರು. ಅಂದಿನಿಂದ ಕಂಡಕಂಡವರಿಗೆ ಒಂದೇ ಅಧ್ಯಾಯದ ಉಪದೇಶ ಮಾಡತೊಡಗಿದ. ಹೊಸದಾಗಿ ಮಾಂಸ ಬಿಟ್ಟವನ ಹಾಗೆ ಬೇರೆಯವರ ತಟ್ಟೆಗೆಲ್ಲ ಇಣುಕಿದ. ಇಡೀ ಕಾಲೇಜಿನಲ್ಲಿ ಯಾರ ಮೇಲೆ ಅನುಮಾನ ಬಂದರೂ ಇನ್ನು ಅವನ ಮೇಲೆ ಬರುವಂತಿರಲಿಲ್ಲ.

ಅವಳ ಪಾಸ್‌ವರ್ಡನ್ನು ಅವಳೇ ಕೊಟ್ಟಿದ್ದಳು. ಇ-ರಿಸರ್ವ್ ತರಬೇತಿಯ ದಿನ ಗಡಿಬಿಡಿಯಲ್ಲಿ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಒತ್ತಿದಾಗ ಅದು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆನೆಗಾತ್ರ ಮೂಡಿತ್ತು. ನೋಡಿದವರು ಎಲ್ಲರೂ, ನೆನಪಿಟ್ಟುಕೊಂಡವನು ಅವನೊಬ್ಬ.

ಪುಸ್ತಕವನ್ನೂ ಅಳೆದು ತೂಗಿ ಆರಿಸಿದ. ಕಪಿಲಾಸುತ ಎಂಬ ಕಾವ್ಯನಾಮದವರು ಬರೆದ 'ಕೋಡಿ ಬಿದ್ದ ಕೆರೆಗಳು'. ಬೆಂಗಳೂರಿನ ಕೆರೆಗಳ ಚರಿತ್ರೆ. ಎಷ್ಟೋ ವರ್ಷದಿಂದ ಅವನು ಕ್ಲಾಸಿನಲ್ಲಿ ಅದರಿಂದಲೇ ಪಾಠ ಮಾಡುತ್ತಿದ್ದ. ಅಂಗಡಿಗಳಲ್ಲಿ ಸಿಗದು, ಇದ್ದದ್ದು ಲೈಬ್ರರಿಯ ಒಂದು ಪ್ರತಿ. ಅದು ನೆಟ್ಟಿನಲ್ಲಿ ಕಂಡರೆ ಯಾರ ಕಪಾಟಿನಿಂದ ಹೋಯಿತೆಂದು ಕೇಳುವುದೇ ಬೇಡ. ಕಪಿಲಾಸುತರು ತೀರಿಕೊಂಡಿದ್ದರು. ಆದರೆ ಲೇಖಕ ಸತ್ತ ಮೇಲೂ ಅರವತ್ತು ವರ್ಷ ಹಕ್ಕು ಸಾಯುವುದಿಲ್ಲ. ಇದನ್ನೂ ತರಬೇತಿಯಲ್ಲಿ ಹೇಳಿಕೊಟ್ಟವಳು ಅವಳೇ.

ಪುಸ್ತಕವನ್ನು ಮನೆಗೆ ಒಯ್ದರೆ ಅವನ ಹೆಸರು ದಾಖಲಾಗುತ್ತದೆ. ಹಾಗಾಗಿ ಹಿಂದಿನ ಕಪಾಟುಗಳ ಸಂದಿಯಲ್ಲಿ ನಿಂತೇ ಒಂದೊಂದು ಪುಟವನ್ನೂ ಫೋನಿನಲ್ಲಿ ಹಿಡಿದ. ಬೆರಳಿನ ನೆರಳು ಬೀಳದಂತೆ, ಲೈಬ್ರರಿಯ ಮೊಹರು ಸ್ಪಷ್ಟವಾಗಿ ಕಾಣುವಂತೆ. ಸತ್ಯಭಾಮಾ ಒಳಕೋಣೆಯಲ್ಲಿ ಮೊಸರನ್ನ ಬಿಚ್ಚುವ ಹೊತ್ತಿಗೆ ಅವಳದೇ ಕುರ್ಚಿಯಲ್ಲಿ ಕೂತು, ಅವಳದೇ ಹೆಸರಿನಲ್ಲಿ, ಇಡೀ ಪುಸ್ತಕವನ್ನು ಪೆನ್‌ಡ್ರೈವಿನಿಂದ ಏರಿಸಿ ಲೋಕಕ್ಕೆಲ್ಲ ತೆರೆದಿಟ್ಟ. ಬಾಗಿಲ ಮೇಲೆ, ಆ ಕುರ್ಚಿಯತ್ತಲೇ ಮುಖ ಮಾಡಿದ ಕ್ಯಾಮೆರಾ ಇತ್ತು. ಇರಲಿ. ಕಳ್ಳ ಕೈಗೆ ಸಿಕ್ಕ ಮೇಲೆ ಹೆಜ್ಜೆಗುರುತು ಯಾರು ಹುಡುಕುತ್ತಾರೆ? ಪೆನ್‌ಡ್ರೈವನ್ನು ಹುಳಿಮಾವು ಕೆರೆಗೆ ಎಸೆದ. ಆ ಕೆರೆಯ ಬಗ್ಗೆ ಪುಸ್ತಕದಲ್ಲಿ ಒಂದು ಒಳ್ಳೆಯ ಅಧ್ಯಾಯವಿತ್ತು. ಆಮೇಲೆ 'ನೊಂದ ಓದುಗ' ಎಂಬ ಹೆಸರಿನಿಂದ ಪ್ರಿನ್ಸಿಪಾಲರಿಗೆ ಮೇಲ್ ಹೋಯಿತು.

ವಿಚಾರಣೆಗೆ ಪ್ರಿನ್ಸಿಪಾಲ್ ಅನಂತರಾಮು ತಮ್ಮ ಕೋಣೆಗೆ ಇಬ್ಬರನ್ನೂ ಕರೆಸಿದರು. ಬೈರಣ್ಣ ಲೈಬ್ರರಿ ಸಮಿತಿಯ ಸದಸ್ಯ, ಸತ್ಯಭಾಮಾ ಆರೋಪಿ. ಮೇಜಿನ ಮೇಲೆ ಆ ಪುಸ್ತಕವಿತ್ತು. ಅವಳು ಅದನ್ನೇ ನೋಡುತ್ತ ಕೂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಹೆದರಿದ್ದಾಳೆ, ಎಂದುಕೊಂಡ ಬೈರಣ್ಣ. ಒಳಗೆ ತುಪ್ಪ ಕರಗಿದಂತಾಯಿತು.

"ಏನ್ರೀ ಇದು? ನಿಮ್ಮ ಲಾಗಿನ್, ನಿಮ್ಮ ಕಂಪ್ಯೂಟರ್ರು," ಎಂದರು ಅನಂತರಾಮು.

"ನಾನು ಹಾಕಿಲ್ಲ ಸಾರ್."

"ಹಂಗಾರೆ ದೆವ್ವ ಬಂದು ಹಾಕ್ತಾ ಮೇಡಂ?" ಬೈರಣ್ಣ ಕೇಳಿದ. "ನಂಗೆ ಒಂದು ಅಧ್ಯಾಯ, ನಿಮಗೆ ಇಡೀ ಪುಸ್ತಕಾನಾ? ಊರಿಗೆಲ್ಲ ಬುದ್ಧಿ ಹೇಳಿದ್ರಲ್ಲ!"

"ಬೈರಣ್ಣ, ಬಿಡ್ರೀ. ಅದನ್ನ ತೆಗೆದುಹಾಕಿದ್ದಾಯ್ತು. ಒಂದು ಮೆಮೋ ಕೊಟ್ಟು ಮುಗಿಸೋಣ. ಕಾಲೇಜಿನ ಮರ್ಯಾದೆ ಪ್ರಶ್ನೆ."

ಮೆಮೋ! ಇಷ್ಟಕ್ಕೆ ಬಿಡುವುದಕ್ಕಾಗಿ ಅವನು ಇಷ್ಟೆಲ್ಲ ಮಾಡಿರಲಿಲ್ಲ. ಮೊದಲೇ ಬರೆದು ತಂದಿದ್ದ ದೂರನ್ನು ಮೇಜಿನ ಮೇಲೆ ಬಡಿದ. "ಅದಾಗಲ್ಲ ಸಾರ್. ಸೈಬರ್ ಪೊಲೀಸ್ರಿಗೆ ಕೊಡಿ. ಯಾರ ಕೈ ಅದನ್ನ ಏರಿಸ್ತೋ ಆ ಕೈಗೆ ಕೋಳ ಬೀಳ್ಬೇಕು. ಕ್ಯಾಮೆರಾ, ಕಂಪ್ಯೂಟರ್ರು, ಏನೇನಿದೆ ಎಲ್ಲಾ ತೆಗೆದು ನೋಡ್ಲಿ ಅಂತ ಇದ್ರಲ್ಲೇ ಬರ್ದಿದೀನಿ. ರಾಜಿ ಗೀಜಿ ಮಾತೇ ಬೇಡ." ಲಾಗಿನ್ ಅವಳದೇ ಆದ ಮೇಲೆ ಕ್ಯಾಮೆರಾ ಯಾರೂ ನೋಡರು, ಅದನ್ನು ಕೇಳುವ ಧೈರ್ಯ ತನಗಿದೆ ಎಂದು ತೋರಿಸುವುದರಲ್ಲೇ ಅರ್ಧ ಗೆಲುವಿತ್ತು.

ಅನಂತರಾಮು ನಿಟ್ಟುಸಿರು ಬಿಟ್ಟರು. "ಪೊಲೀಸ್ರಿಗೆ ಕೊಡ್ಬೇಕಾದ್ರೆ ಪುಸ್ತಕದ ಹಕ್ಕು ಯಾರದೋ ಅವರ ಸಹಿ ಇದ್ರೆ ಒಳ್ಳೇದು. ಯಾರು ಅವರು?"

"ಯಾರಾದ್ರೇನು ಸಾರ್, ಹುಡುಕಿ ಕರ್ಸಿ. ಚಂದ್ರಲೋಕದಲ್ಲಿದ್ರೂ ನಾನೇ ಹೋಗಿ ಕರ್ಕೊಂಡ್ ಬರ್ತೀನಿ."

ಅನಂತರಾಮು ಪುಸ್ತಕದ ಮೊದಲ ಹಾಳೆ ಮಗುಚಿದರು. ಕನ್ನಡ ಪುಸ್ತಕಗಳಲ್ಲಿ ಮುದ್ರಕರ ವಿಳಾಸ, ಪ್ರತಿಗಳ ಸಂಖ್ಯೆ, ಕಾಗದದ ಅಳತೆ ಅಚ್ಚಾಗುವ ಪುಟ ಅದು. ಪಾಠ ಮಾಡುವವರಾಗಲಿ ಪಾಠ ಕೇಳುವವರಾಗಲಿ ಎಂದೂ ಓದದ ಪುಟ. ಅವರು ಬೆರಳಿಟ್ಟು ಓದಿದರು, ನಿಲ್ಲಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ಗಟ್ಟಿಯಾಗಿ ಓದಿದರು: "ಹಕ್ಕುಗಳು: ಲೇಖಕರ ಮಗಳು ಸತ್ಯಭಾಮಾ ಅವರದು." "ನಮ್ಮಪ್ಪನ ಪುಸ್ತಕ ಸಾರ್," ಎಂದಳು ಸತ್ಯಭಾಮಾ. "ಬೇಕಿದ್ರೆ ನಾನು ಎಲ್ಲರಿಗೂ ಹೇಳೇ ಹಾಕ್ಬಹುದಿತ್ತು, ಯಾರ ಅಪ್ಪಣೇನೂ ಬೇಕಿರ್ಲಿಲ್ಲ. ನಾನು ಹಾಕಿಲ್ಲ. ಯಾರೋ ನನ್ನದನ್ನ ಕದ್ದಿದ್ದಾರೆ." ಅವಳು ಬೈರಣ್ಣನ ದೂರನ್ನು ತನ್ನತ್ತ ಎಳೆದುಕೊಂಡು, ಅವನು ಬರೆದ ಒಂದಕ್ಷರವನ್ನೂ ತಿದ್ದದೆ, ಕೆಳಗೆ ಸಹಿ ಹಾಕಿದಳು.