ಹದಿನೆಂಟನೆಯ ಪ್ಯಾರಾ

"ಇನ್ನೊಮ್ಮೆ ಓದಿ."

ಅವನು ಹಾಳೆಯಿಂದ ತಲೆಯೆತ್ತಿದ. ಕೊನೆಯ ಬೆಂಚಿನಲ್ಲಿ, ಅಂಕ ಹಾಕುವ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸು ಅವನನ್ನೇ ನೋಡುತ್ತಿದ್ದಳು.

ಅಂದು ಅವನಿಗೆ ಪರೀಕ್ಷೆ. ಆ ಕಾನೂನು ಕಾಲೇಜಿನಲ್ಲಿ ಮೇಷ್ಟ್ರಾಗಬೇಕೆಂದರೆ ಮೊದಲು ಒಂದು ಪಾಠ ಮಾಡಿ ತೋರಿಸಬೇಕು. ಎದುರಿಗೆ ಅರವತ್ತು ವಿದ್ಯಾರ್ಥಿಗಳು. ಹಿಂದೆ ಪ್ರಿನ್ಸಿಪಾಲರು, ಅವರ ಪಕ್ಕದಲ್ಲಿ ಸಂವಿಧಾನ ಕಲಿಸುವ ಈ ಮೇಡಂ. ವಿದ್ಯಾರ್ಥಿಗಳ ಬಾಯಲ್ಲಿ ಅವಳು ಚಾಕು ಮೇಡಂ. ಅವಳು ಬೈದರೆ ರಕ್ತ ಬರುವುದಿಲ್ಲ, ಆದರೆ ಗಾಯ ಮಾಯಲು ಒಂದು ಸೆಮಿಸ್ಟರ್ ಬೇಕು ಅನ್ನುವುದು ಹಾಸ್ಟೆಲಿನ ಮಾತು.

"ಯಾವುದನ್ನ, ಮೇಡಂ?"

"ಹದಿನೆಂಟನೇ ಪ್ಯಾರಾ. ಈಗ ಓದಿದ್ರಲ್ಲ, ಅದೇ. ಹಿಂದಿನವರಿಗೆ ಕೇಳಿಸ್ಲಿಲ್ಲ."

ಅವನು ಮತ್ತೆ ಓದಿದ. ಅದೊಂದು ಹೆಸರುವಾಸಿ ತೀರ್ಪು, ಪಾಠಕ್ಕೆಂದು ಕಾಲೇಜೇ ಕೊಟ್ಟದ್ದು. ಔಷಧ ಕಂಪನಿಯೊಂದು ತನ್ನ ಪ್ರಯೋಗಾಲಯದ ಹೆಣ್ಣುಮಕ್ಕಳಿಗೆ ಮಾತ್ರ ಒಂದು ಫಾರಂ ಕೊಟ್ಟು, ಎಷ್ಟು ಸಲ ಬಸುರಾಗಿದ್ದೀರಿ, ಎಷ್ಟು ಸಲ ಗರ್ಭ ಇಳಿಯಿತು ಎಂದು ಕೇಳಿತ್ತು. ಒಬ್ಬಳು ಆ ಜಾಗವನ್ನು ಖಾಲಿ ಬಿಟ್ಟಳು. ಕೆಲಸ ಹೋಯಿತು. ಅವಳು ಕೋರ್ಟಿಗೆ ಹೋದಳು. ತೀರ್ಪಿನಲ್ಲಿ ಅವಳಿಗೆ ಹೆಸರಿಲ್ಲ, ಬರೀ 'ಕ'.

"ಅರ್ಜಿದಾರಳಾದ 'ಕ', ಹತ್ತೊಂಬತ್ತನೆಯ ವಯಸ್ಸಿನಲ್ಲಿ, ವಿವಾಹಕ್ಕೆ ಮುನ್ನವೇ ಗರ್ಭಿಣಿಯಾಗಿದ್ದು, ಗರ್ಭಪಾತಕ್ಕೆ ಒಳಗಾಗಿದ್ದಳೆಂದು ಆಸ್ಪತ್ರೆಯ ದಾಖಲೆಯಿಂದ ಕಂಡುಬರುತ್ತದೆ..."

"ಇನ್ನೊಮ್ಮೆ."

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ಮೂರನೆಯ ಸಲ ಶುರುಮಾಡಿದ. ಅರ್ಧಕ್ಕೆ ಬಂದಾಗ ಅವಳ ಮುಖವನ್ನು ಸರಿಯಾಗಿ ನೋಡಿದ... ಧ್ವನಿ ಅಲ್ಲೇ ನಿಂತಿತು.

ಅವಳು ಕದಲಲಿಲ್ಲ.

'ಇದೇ ಧ್ವನಿ! ಒಂಬತ್ತು ವರ್ಷ ಆಯ್ತು, ಇದನ್ನ ಮರೆಯೋಕೆ ಆಗ್ಲಿಲ್ಲ...'

ಒಂಬತ್ತು ವರ್ಷದ ಹಿಂದೆ, ತುಂಬಿದ ಕೋರ್ಟಿನಲ್ಲಿ, ಕಂಪನಿಯ ದೊಡ್ಡ ವಕೀಲರು ತಮ್ಮ ಕಿರಿಯನಿಗೆ "ಓದಪ್ಪಾ" ಎಂದಿದ್ದರು. ಕಿರಿಯ ಎದ್ದುನಿಂತು, ಅಕ್ಷರ ಅಕ್ಷರ ಬಿಡಿಸಿ, ಆಸ್ಪತ್ರೆಯ ದಾಖಲೆಯನ್ನು ಓದಿದ್ದ. ಅವಳಿಗೆ ಮದುವೆಯಾಗಿ ಆಗ ಹನ್ನೊಂದು ತಿಂಗಳು. ಹಿಂದಿನ ಸಾಲಿನಲ್ಲಿ ಗಂಡ ಇದ್ದ, ಅತ್ತೆ ಇದ್ದರು.

ಮೊಕದ್ದಮೆಯನ್ನು ಅವಳು ಗೆದ್ದಳು. ಗಂಡಸರಿಗೆ ಕೊಡದ ಫಾರಂ ಹೆಂಗಸರಿಗೆ ಕೊಟ್ಟದ್ದು ಸಮಾನತೆಗೆ ವಿರುದ್ಧ, ಹೆಣ್ಣಿನ ಒಡಲಿನ ಸಂಗತಿ ಅವಳದೇ ಖಾಸಗಿ ಆಸ್ತಿ ಎಂದಿತು ಕೋರ್ಟು. ಆದರೆ ಅವಳ ಗುಟ್ಟನ್ನು ಕಾಯುವ ಆ ತೀರ್ಪಿನಲ್ಲೇ ಆ ಗುಟ್ಟನ್ನು ಒಂದು ಇಡೀ ಪ್ಯಾರಾ ಬರೆದಿಟ್ಟರು! ತೀರ್ಪು ಬರುವಷ್ಟರಲ್ಲಿ ಗಂಡ ಮನೆ ಬಿಟ್ಟಿದ್ದ.

ಮರಳಿ ಕೊಟ್ಟ ಕೆಲಸ ಅವಳಿಗೆ ಬೇಡವಾಯಿತು. ಕಾನೂನು ಓದಿದಳು. ಈ ಕಾಲೇಜು ಸೇರಿದಳು. ಪ್ರತಿ ವರ್ಷ ತನ್ನದೇ ತೀರ್ಪನ್ನು ಯಾರದೋ ಎಂಬಂತೆ ಕಲಿಸುತ್ತ ಬಂದಳು. ಕಾಲೇಜಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಈಗ ಒಬ್ಬನಿಗೆ ಗೊತ್ತಾಯಿತು.

"ಏನಂತೀರಿ ಮೇಡಂ? ಪಾಪ, ಹೆದರ್ಕೊಂಡ," ಎಂದರು ಪ್ರಿನ್ಸಿಪಾಲರು ಹೊರಗೆ ಬಂದು.

"ಇವರನ್ನೇ ತಗೊಳ್ಳಿ, ಸರ್."

"ಅಷ್ಟು ಇಷ್ಟವಾದ್ರಾ?"

ಅವಳು ನಕ್ಕಳು. ಇಷ್ಟವೇ! ಚಾಕುವಿಗೆ ಎಟುಕುವಷ್ಟು ದೂರದಲ್ಲಿ ಅವನು ಬೇಕಾಗಿದ್ದ, ಅಷ್ಟೆ.

ಅವನಿಗೆ ಸಮಾನತೆಯ ಪಾಠ ಬಂತು, ಖಾಸಗಿತನದ್ದು ಅವಳ ಬಳಿಯೇ ಉಳಿಯಿತು. ಒಂದೇ ತೀರ್ಪು ಇಬ್ಬರಿಗೂ.

ಆಮೇಲಿನ ಎರಡು ವರ್ಷ ಅವಳು ಅವನನ್ನು ಅರೆದಳು. ಯಾರೂ ಒಪ್ಪದ ಊಟದ ನಂತರದ ತರಗತಿಗಳೆಲ್ಲ ಅವನಿಗೆ. ಅವನು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿ, ಕೆಂಪು ಗೀಟು ಹಾಕಿ ಮೇಜಿನ ಮೇಲೆ ಎಸೆಯುತ್ತಿದ್ದಳು.

"ನಿಮಗೆ ದೇವರು ಕಂಠ ಕೊಟ್ಟಿದ್ದಾನೆ. ತಲೆ ಕೊಡೋ ಹೊತ್ತಿಗೆ ದಾಸ್ತಾನು ಮುಗಿದಿತ್ತು ಅಂತ ಕಾಣುತ್ತೆ!"

ಉಳಿದವರು ನಗುತ್ತಿದ್ದರು. ಅವನು "ಸರಿ, ಮೇಡಂ" ಎಂದು ಹಾಳೆ ಎತ್ತಿಕೊಳ್ಳುತ್ತಿದ್ದ.

ಆ 'ಸರಿ, ಮೇಡಂ' ಅವಳ ಹೊಟ್ಟೆ ಉರಿಸುತ್ತಿತ್ತು. 'ಕಲ್ಲಿಗಾದ್ರೂ ಪೆಟ್ಟು ಬಿದ್ರೆ ಸದ್ದು ಬರುತ್ತೆ. ಇವನೇನು ಮನುಷ್ಯನಾ?'

ವಿದ್ಯಾರ್ಥಿಗಳು ಅವನನ್ನು ಪೆನ್ಸಿಲ್ ಸರ್ ಎನ್ನುತ್ತಿದ್ದರು. ಸಣಕಲು ಆಳಾದ್ದರಿಂದ ಇರಬೇಕು ಎಂದುಕೊಂಡಿದ್ದಳು.

ಒಮ್ಮೆ ಅವನು ಜ್ವರ ಬಂದು ಐದು ದಿನ ಬರಲಿಲ್ಲ. ಮೂರನೆಯ ದಿನ ಸ್ಟಾಫ್ ರೂಮಿನ ಬಾಗಿಲು ಸದ್ದಾದಾಗಲೆಲ್ಲ ತಾನು ತಲೆಯೆತ್ತುತ್ತಿರುವುದು ಅವಳಿಗೇ ತಿಳಿಯಿತು. ತನ್ನ ಮೇಲೆ ಅಸಹ್ಯವಾಯಿತು. ಅವನು ಬಂದ ದಿನ, "ಸತ್ತೇಹೋದ್ರಿ ಅಂದ್ಕೊಂಡೆ," ಎಂದಳು.

"ನಿಮಗೆ ಅಷ್ಟು ಸುಲಭ ಮಾಡ್ಕೊಡಲ್ಲ, ಮೇಡಂ," ಎಂದ ಅವನು. ಎರಡು ವರ್ಷದಲ್ಲಿ ಅದೊಂದೇ ತಿರುಗುತ್ತರ. ಅವಳು ಆ ಸಂಜೆಯೆಲ್ಲ ಅದನ್ನು ನೆನೆದು ಸಿಟ್ಟಾದಳು. ಸಿಟ್ಟೇ ಎಂದು ನಂಬಿದಳು.

ಎರಡನೆಯ ವರ್ಷ ಆ ತೀರ್ಪಿನ ಪಾಠದ ದಿನ ಅವಳಿಗೆ ಮನಸ್ಸು ನೆಟ್ಟಗಿರಲಿಲ್ಲ. ತೀರ್ಪನ್ನು ವಿವರಿಸುವಾಗ ಒಬ್ಬ ವಿದ್ಯಾರ್ಥಿ ಎದ್ದು, "ಮೇಡಂ, ತಪ್ಪು ಮಾಡ್ದೆ ಇದ್ರೆ ಮುಚ್ಚಿಡೋದು ಯಾಕೆ? ಗೆದ್ದಳಲ್ಲ, ಅವಳಿಗೆ ನಷ್ಟ ಏನಾಯ್ತು?" ಎಂದ.

ಅವಳಿಗೆ ರೇಗಿತು.

"ನಷ್ಟ ಏನಾ? ಓದೋನು ಓದ್ತಾ ಇದ್ದ. ಅವನ ಕರಿಕೋಟಿನ ತೋಳಲ್ಲಿ ಒಂದು ಗುಂಡಿ ಇರ್ಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ಕೊಂಡು ಎದ್ದರು. ಗಂಡ ಅವರ ಹಿಂದೆ ಹೋದ, ಒಂದ್ಸಲನೂ ತಿರುಗಿ ನೋಡ್ಲಿಲ್ಲ. ಅದು ನಷ್ಟ! ಕೂತ್ಕೊಳ್ಳಿ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬರೆಯುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು. ಮೇಡಂ ಅದನ್ನು ಗಮನಿಸಲಿಲ್ಲ.

ನಾಲ್ಕನೆಯ ದಿನ ತರಗತಿಗೆ ಕಾಲಿಟ್ಟಾಗ ಕಪ್ಪುಹಲಗೆಯ ಮೇಲೆ ದಪ್ಪ ಅಕ್ಷರಗಳಿದ್ದವು.

'ಕ ಅಂದ್ರೆ ಯಾರು? ಚಾಕುವಿನ ಕ!'

ಅರವತ್ತು ಜೋಡಿ ಕಣ್ಣುಗಳು ಅವಳ ಮುಖದಿಂದ ಇಳಿದು ಹೊಟ್ಟೆಯ ಮೇಲೆ ನಿಂತವು. ಹೌದು, ಹೊಟ್ಟೆಯ ಮೇಲೆ! ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು.

ಅವಳು ಡಸ್ಟರ್ ತೆಗೆದುಕೊಂಡು ಹಲಗೆ ಒರೆಸಿದಳು. ಹಾಜರಿ ಕರೆದಳು. ಒಂದೊಂದೇ ಹೆಸರು, ಅರವತ್ತೂ. ಆಮೇಲೆ ಹೊರಗೆ ಬಂದು ನೇರ ಸ್ಟಾಫ್ ರೂಮಿಗೆ ನಡೆದಳು.

ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ. ಅವಳು ಆ ಕಟ್ಟನ್ನು ಎತ್ತಿ ಅವನ ಮುಖಕ್ಕೆ ಎಸೆದಳು.

"ಒಂದ್ಸಲ ಊರೆಲ್ಲ ಕೇಳೋ ಹಾಗೆ ಓದಿದ್ದು ಸಾಲ್ಲಿಲ್ವಾ ನಿಮಗೆ? ಮಕ್ಕಳಿಗೂ ಹೇಳಿದ್ರಾ?"

ಹಾಳೆಗಳು ನೆಲದ ತುಂಬ ಚೆಲ್ಲಿದವು. ಉಳಿದ ಆರು ಜನ ಮೇಷ್ಟ್ರುಗಳು ಉಸಿರು ಬಿಗಿಹಿಡಿದರು. ಅವನು ಎದ್ದುನಿಂತ. ಕೆನ್ನೆಯ ಮೇಲೆ ಕಾಗದದ ಅಂಚು ಗೀರಿದ ಕೆಂಪು ಗೆರೆ.

"ಹೇಳಿ! ಇವತ್ತೂ 'ಸರಿ, ಮೇಡಂ' ಅಂತೀರಾ?"

ಅವನು ಅವಳನ್ನು ನೋಡಿದ. ಬಗ್ಗಿ ಹಾಳೆಗಳನ್ನು ಆರಿಸತೊಡಗಿದ.

ಮರುದಿನ ಅವನ ರಾಜೀನಾಮೆ ಬಂತು.

ಪ್ರಿನ್ಸಿಪಾಲರು ಅವಳನ್ನು ಕರೆಸಿ, ಬಾಗಿಲು ಹಾಕಿಸಿ, ಕನ್ನಡಕ ಒರೆಸುತ್ತ ಹೇಳಿದರು. "ನೋಡಿ, ನನಗೆ ನಿಮ್ಮ ಮೇಲೆ ಗೌರವ ಇದೆ. ಆದ್ರೆ ಮಕ್ಕಳ ಅಪ್ಪ-ಅಮ್ಮಂದಿರು ಫೋನ್ ಮಾಡ್ತಿದ್ದಾರೆ. ಈ ವರ್ಷ ಖಾಸಗಿತನದ ಪಾಠ ಬಿಟ್ಟುಬಿಡಿ. ಆಸ್ತಿ ಕಾನೂನು ತಗೊಳ್ಳಿ. ಅದರಲ್ಲಿ ಯಾರಿಗೂ ಮುಜುಗರ ಇಲ್ಲ."

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದರು. ಅಮ್ಮನ ನಾಲಿಗೆಯಿಂದಲೇ ಮಗಳಿಗೆ ಆ ಚಾಕು ಬಳುವಳಿ ಬಂದದ್ದು.

"ಗೆದ್ದೆ ಗೆದ್ದೆ ಅಂತಿದ್ದೆ. ಇವತ್ತಿಗೂ ಗೆಲ್ತಾನೇ ಇದ್ದೀಯಲ್ಲೇ!"

"ಅಮ್ಮಾ, ಸುಮ್ನಿರು. ಆ ಮನುಷ್ಯ ಕೆಲಸ ಬಿಟ್ಟ. ಪೀಡೆ ತೊಲಗಿತು."

ಅಮ್ಮ ಮಡಿಸುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ಮಗಳನ್ನು ದಿಟ್ಟಿಸಿದರು.

"ಗಂಡ ಬಿಟ್ಟು ಹೋದ ದಿನ ನೀನು ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಪೀಡೆ ತೊಲಗಿದ್ದಕ್ಕೆ ಯಾಕೆ ಅಳ್ತಾ ಇದ್ದೀಯ?"

ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು. ಒದ್ದೆಯಾಗಿತ್ತು.

ಮುಂದಿನ ಬೆಂಚಿನ ಹುಡುಗಿ ಬಂದದ್ದು ಶನಿವಾರ. ಖಾಲಿ ತರಗತಿಯಲ್ಲಿ, ಬಾಗಿಲ ಬಳಿಯೇ ನಿಂತು ಅಳುತ್ತಿದ್ದಳು.

"ಮೇಡಂ... ಅದು ನಾನು."

"ಏನು ನಾನು?"

"ಗುಂಡಿ ಮಾತು, ಗಂಡ ಎದ್ದು ಹೋದ ಮಾತು... ಅದೆಲ್ಲ ತೀರ್ಪಲ್ಲಿ ಇಲ್ಲ, ಮೇಡಂ. ನಾನು ಮೂರು ಸಲ ಓದಿದೆ. ಅಲ್ಲೇ ಇದ್ದವರಿಗೆ ಮಾತ್ರ ಗೊತ್ತಾಗೋದು ಅನ್ನಿಸ್ತು. ರೂಮಿನವಳ ಹತ್ರ ಅಂದೆ, ಅಷ್ಟೇ. ಅವಳು ಇನ್ನೊಬ್ಬರಿಗೆ..."

ಮೇಡಂಗೆ ಆಗ ತಿಳಿಯಿತು. ಹೇಳಿದ್ದು ಅವನಲ್ಲ. ತಾನೇ! ತನ್ನದೇ ಬಾಯಿ!

"ಪೆನ್ಸಿಲ್ ಸರ್... ನಿಮಗೆ ಏನೂ ಹೇಳ್ಲಿಲ್ವಾ?" ಎಂದಳು ಮೇಡಂ.

"ಅವರಾ? ಅವರು ಆ ಪ್ಯಾರಾ ಓದೋಕೇ ಬಿಡಲ್ಲ, ಮೇಡಂ. ಮೊದಲನೇ ದಿನವೇ ಪೆನ್ಸಿಲ್ ತಗೊಳ್ಳಿ ಅಂತಾರೆ. ಹದಿನೆಂಟನ್ನ ಪೂರ್ತಿ ಹೊಡೆದುಹಾಕಿ, ಈಗ ತೀರ್ಪು ಓದಿ, ವಾದ ಎಲ್ಲಾದ್ರೂ ಕುಂಟುತ್ತಾ ನೋಡಿ ಅಂತಾರೆ. ಎಲ್ಲೂ ಕುಂಟಲ್ಲ, ಮೇಡಂ. ಗಂಡಸರಿಗೆ ಆ ಫಾರಂ ಕೊಡ್ಲಿಲ್ಲ ಅನ್ನೋದೊಂದೇ ಸಾಕು, ಅವಳು ಗೆಲ್ಲೋಕೆ. ಹಾಗಾದ್ರೆ ಕೋರ್ಟು ಅದನ್ನ ಯಾಕೆ ಬರೀತು? ಅದೇ ಅವರ ಪ್ರಶ್ನೆ. ಉತ್ತರ ಯಾರ ಹತ್ರನೂ ಇಲ್ಲ. ಪಾಠ ಅರ್ಧ ಮಾಡ್ತಾರೆ ಅಂತ ಪ್ರಿನ್ಸಿಪಾಲರು ಎರಡು ಸಲ ಮೆಮೋ ಕೊಟ್ಟಿದ್ರಂತೆ."

ಮೇಡಂ ಐದು ವರ್ಷದಿಂದ ಆ ಪ್ಯಾರಾವನ್ನು ಗಟ್ಟಿಯಾಗಿ ಓದಿಸುತ್ತಿದ್ದಳು. ಒಮ್ಮೆಯೂ ಅದನ್ನು ಹೊಡೆದುಹಾಕಬಹುದು ಎಂದು ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಅವನ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಅವನು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಕೆನ್ನೆಯ ಗೀರು ಹಕ್ಕಳೆಗಟ್ಟಿತ್ತು.

"ನಾನೇ ಬಾಯಿ ಬಿಟ್ಟಿದ್ದು," ಎಂದಳು ಹೊಸ್ತಿಲಲ್ಲೇ ನಿಂತು. "ನಿಮಗೆ ಗೊತ್ತಿತ್ತಾ?"

"ಇಲ್ಲ."

"ಮತ್ತೆ ಯಾಕೆ 'ನಾನಲ್ಲ' ಅನ್ಲಿಲ್ಲ?"

"ಆವತ್ತು ಓದಿದ್ದು ನಾನೇ ತಾನೇ. ಇನ್ನೊಂದು ಸಲ ಹೇಳ್ಲಿಲ್ಲ ಅಂತ ಬಿರುದು ಕೇಳ್ಲಾ?"

"ನಿಮ್ಮ ಹಿರಿಯರು ಓದು ಅಂದ್ರು. ನೀವು ಓದಿದ್ರಿ."

"ಇಲ್ಲ, ಮೇಡಂ. ಸುಳ್ಳು ಸಮಾಧಾನ ಬೇಡ." ಅವನು ಪುಸ್ತಕ ಕೆಳಗಿಟ್ಟ. "ಹಿಂದಿನ ದಿನ ನಾನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಧ್ವನಿ ಏರಿಸ್ಬೇಕು ಅಂತ. ಓದಿದ ಮೇಲೆ ಅವರು ಬೆನ್ನು ತಟ್ಟಿದ್ರು. ಖುಷಿಯಾಗಿತ್ತು ನನಗೆ. ನಿಜವಾಗ್ಲೂ ಖುಷಿಯಾಗಿತ್ತು! ಹೊರಗೆ ಬಂದಾಗ ನೀವು ಕಾರಿಡಾರಿನಲ್ಲಿ ಒಬ್ಬರೇ, ಗೋಡೆಗೆ ಮುಖ ಮಾಡಿ ನಿಂತಿದ್ರಿ. ಆಮೇಲೆ ಮೂರು ತಿಂಗಳಿಗೆ ನಾನು ಕರಿಕೋಟು ಬಿಚ್ಚಿಟ್ಟೆ. ಆದ್ರೆ ಓದುವಾಗ ಖುಷಿಪಟ್ಟಿದ್ದೆ. ಅದನ್ನ ಹೊಡೆದುಹಾಕೋಕೆ ನನ್ನ ಹತ್ರ ಪೆನ್ಸಿಲ್ ಇಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. ತಿರುಗಿ ಮೆಟ್ಟಿಲಿಳಿಯಬೇಕೆನಿಸಿತು. ಕಾಲು ಏಳಲಿಲ್ಲ.

ಹನ್ನೊಂದು ವರ್ಷದಲ್ಲಿ ಎಷ್ಟೋ ಜನ ಅವಳಿಗೆ ಅಯ್ಯೋ ಪಾಪ ಎಂದಿದ್ದರು. 'ನಿನಗೆ ನೋವು ಕೊಟ್ಟೆ, ಅದು ನಾನೇ' ಎಂದು ಎದುರು ನಿಂತು ಹೇಳಿದವನು ಇವನೊಬ್ಬ.

"ಎರಡು ವರ್ಷ ನನ್ನ ಬಾಯಿಂದ ಯಾಕೆ ಅನ್ನಿಸ್ಕೊಂಡ್ರಿ?"

"ಮೊದಲನೇ ವರ್ಷ, ಶಿಕ್ಷೆ ಅಂದ್ಕೊಂಡೆ." ಅವನು ನೆಲ ನೋಡಿದ. "ಎರಡನೇ ವರ್ಷ... ನೀವು ಬೈಯದೇ ಇದ್ದ ದಿನ ನನಗೆ ಊಟ ಸೇರ್ತಿರ್ಲಿಲ್ಲ. ಇದನ್ನ ಹೇಳ್ಬಾರ್ದು ಅಂತಿದ್ದೆ. ನನಗೆ ಆ ಹಕ್ಕಿಲ್ಲ."

"ಹಕ್ಕಿನ ಪಾಠ ನನಗೆ ಹೇಳ್ಬೇಡಿ. ಅದು ನನ್ನ ವಿಷಯ." ಅವಳು ಅವನ ಕೆನ್ನೆಯ ಗೀರನ್ನು ನೋಡಿದಳು. "ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ. ಗೊತ್ತಿರ್ಲಿ. ಕೆಲವು ದಿನ ಎದ್ದ ತಕ್ಷಣ ಪಕ್ಕದಲ್ಲಿ ನಿಮ್ಮ ಧ್ವನಿ ಕೇಳಿದ್ರೆ ಕೊಂದುಬಿಡೋಣ ಅನ್ನಿಸ್ಬಹುದು."

ಅವನು ತಟ್ಟನೆ ತಲೆಯೆತ್ತಿದ. "ಎದ್ದ ತಕ್ಷಣ...?"

ಆಡಿದ ಮಾತು ಏನೆಂದು ಅವಳಿಗೆ ಆಗ ಹೊಳೆಯಿತು. ಕಿವಿ ಕೆಂಪಾಯಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಒಳಗೆ ಬಂದು, ಪುಸ್ತಕದ ಪೆಟ್ಟಿಗೆಯ ಮೇಲೆ ಕೂತಳು.

"ಆ ಹತ್ತೊಂಬತ್ತನೇ ವರ್ಷದ ಬಗ್ಗೆ ಕೋರ್ಟಿಗೆ ಗೊತ್ತಿಲ್ಲದ್ದು ಒಂದಿದೆ. ಅಮ್ಮನಿಗೂ ಗೊತ್ತಿಲ್ಲ. ಹೇಳ್ಲಾ?"

"ನಾನು ಕೇಳ್ತಿಲ್ಲ, ಮೇಡಂ. ಯಾವತ್ತೂ ಕೇಳಲ್ಲ."

"ಅದಕ್ಕೇ ಹೇಳ್ತೀನಿ."

ಹೇಳಿದಳು. ನಾಲ್ಕೈದು ಮಾತು, ಅಷ್ಟೇ. ಅವು ಏನೆಂದು ಇಲ್ಲಿ ಬರೆಯುವುದಿಲ್ಲ. ಅವಳು ಅದನ್ನು ಹೇಳಿದ್ದು ಅವನೊಬ್ಬನಿಗೆ.

ಅವನು ಕಣ್ಣು ಒರೆಸಿಕೊಂಡು, "ಈಗ ನಾನೇನು ಮಾಡ್ಲಿ?" ಎಂದ.

"ಏನೂ ಮಾಡ್ಬೇಡಿ. ಬೆಳಿಗ್ಗೆಯಿಂದ ಏನೂ ಕುಡಿದಿಲ್ಲ. ಕಾಫಿ ಇದ್ರೆ ಕೊಡಿ."

ಅವನು ಅವಸರದಲ್ಲಿ ಕಟ್ಟಿಟ್ಟಿದ್ದ ಪಾತ್ರೆಗಳ ಗಂಟು ಬಿಚ್ಚಿದ. ಒಲೆ ಹಚ್ಚಿದ. ಹಾಲು ಉಕ್ಕಿ ಒಂದಿಷ್ಟು ಚೆಲ್ಲಿತು.

"ಸಕ್ಕರೆ ಎಷ್ಟು ಹಾಕ್ಲಿ, ಮೇಡಂ?"

"ಇನ್ನೂ ಮೇಡಂ ಅಂತೀಯಾ?"

ಚಮಚ ಹಿಡಿದ ಅವನ ಕೈ ಗಾಳಿಯಲ್ಲೇ ನಿಂತಿತು. ಆ ಧ್ವನಿ, ತುಂಬಿದ ಕೋರ್ಟಿನಲ್ಲಿ ಒಮ್ಮೆಯೂ ತೊದಲದಿದ್ದ ಆ ಧ್ವನಿ, ಈಗ ತೊದಲಿತು.

"ಸಕ್ಕರೆ... ಎಷ್ಟು ಹಾಕ್ಲಿ... ನಿಂಗೆ?"