ಮೇಜಿನ ಮೇಲಿನ ಖಾಲಿ ಬಾಟಲಿ

ಅರ್ಕಾದಿಯವರ ಕೊಲೆಯಾದ ಮೂರನೆಯ ದಿನ ಶ್ರಿಯಾ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ನಮ್ಮ ಮನೆಗೆ ಬಂದಳು. ಬಂದದ್ದು ನನಗಾಗಿ ಅಲ್ಲ, ಮಹಡಿಯಲ್ಲಿ ಬಾಡಿಗೆಗಿರುವ ಪತ್ತೇದಾರಿ ಹಂಸಾಗಾಗಿ. ಹಂಸಾಗೆ ಕಾರು ಓಡಿಸಲು ಬಾರದು. ಹಾಗಾಗಿ ಅವರ ಪ್ರತಿ ಕೇಸಿಗೂ ಬೋರಲಿಂಗಯ್ಯನೆಂಬ ನಾನೇ ಸಾರಥಿ.

"ಆಂಟಿ, ಸರ್ ಫ್ರೆಂಡ್ ಗ್ಲೆಬ್‌ನ ಪೊಲೀಸರು ಅರೆಸ್ಟ್ ಮಾಡಿದಾರೆ. ಇಬ್ರು ರಷ್ಯನ್ನರು ಕುಡಿದು ಹೊಡೆದಾಡಿದ್ರು ಅಂತಾರೆ. ಪಾಪ, ಜೈಲಲ್ಲೇ ಸಾಯ್ತಾನೆ. ಯಾರೇ ಮಾಡಿರ್ಲಿ, ಹಿಡೀರಿ."

ರಷ್ಯಾದಿಂದ ಬಂದ ಅರ್ಕಾದಿ ಕಾಲೇಜಿನಲ್ಲಿ ಅವಳ ಮೇಷ್ಟ್ರು. ರಷ್ಯನ್ ಸಿನಿಮಾ ಪರದೇಶದವರನ್ನು, ಪರದೇಶದ ಸಿನಿಮಾ ರಷ್ಯನ್ನರನ್ನು ಹೇಗೆ ತೋರಿಸುತ್ತದೆಂದು ಪುಸ್ತಕ ಬರೆಯುತ್ತಿದ್ದರು. ಅವಳ ಅಣ್ಣ ವೇದ್ ರಷ್ಯನ್ ಕುಟುಂಬವೊಂದರ ಕತೆಯನ್ನು ಸಿನಿಮಾ ಮಾಡಿದ್ದ. ಅದರ ಮೊದಲ ಪ್ರದರ್ಶನ ಬರುವ ಶನಿವಾರವಿತ್ತು. ಅಲ್ಲಿ ಸ್ಟೇಜ್ ಮೇಲೆ ಅರ್ಕಾದಿ ಮಾತಾಡಬೇಕಿತ್ತು.

ಮೆಟುಚೆನ್ ಊರಿನ ಅರ್ಕಾದಿಯವರ ಮನೆಯಲ್ಲಿ ಪೊಲೀಸ್ ಸಾರ್ಜೆಂಟ್ ನಮಗೆ ಅಡುಗೆಮನೆ ತೋರಿಸಿದ. ಒಲೆಯ ಅಂಚಿನಲ್ಲಿ ರಕ್ತ. ಮೇಜಿನ ಮೇಲೆ ಎರಡು ಗ್ಲಾಸು, ಖಾಲಿ ವೋಡ್ಕಾ ಬಾಟಲಿ. ಬಾಟಲಿಯ ಮೇಲೆ ಗ್ಲೆಬ್‌ನ ಬೆರಳಚ್ಚು. ಅರ್ಕಾದಿಯವರ ಹುಟ್ಟುಹಬ್ಬಕ್ಕೆ ಕೊಟ್ಟದ್ದು, ತಾನು ಕುಡಿಯಲಿಲ್ಲ ಎಂದು ಅವನ ವಾದ. ಮೇಜಿನ ಕಾಲಿನ ಬಳಿ ನೆಲದ ಮೇಲೆ ಧೂಳು ಹಿಡಿದ ಮೂರು ಖಾಲಿ ಬಾಟಲಿಗಳು. ಒಂಟಿ ಗಂಡಸಿನ ಮನೆಯ ಅಚ್ಚುಕಟ್ಟು ಇಷ್ಟೇ ಎಂದೆ. ಹಂಸಾ ನಗಲಿಲ್ಲ. ಅರ್ಕಾದಿಯವರ ಕಂಪ್ಯೂಟರನ್ನು ಸಾರ್ಜೆಂಟ್ ಜೊತೆ ಬಹಳ ಹೊತ್ತು ನೋಡಿದರು. ಆಮೇಲೆ ಶ್ರಿಯಾಳಿಂದ ವೇದ್‌ನ ಸಿನಿಮಾ ತರಿಸಿಕೊಂಡು ನೋಡಿದೆವು. ದೃಶ್ಯ ದೃಶ್ಯದಲ್ಲೂ ಮೇಜಿನ ತುಂಬ ಖಾಲಿ ಬಾಟಲಿಗಳು.

ಮರುದಿನ ಅದೇ ಅಡುಗೆಮನೆಯಲ್ಲಿ ಶ್ರಿಯಾ, ವೇದ್, ಸಾರ್ಜೆಂಟ್ ಎಲ್ಲರೂ ಸೇರಿದರು. ಗ್ಲೆಬ್‌ನನ್ನೂ ಬೇಡಿ ಹಾಕಿ ಕರೆತಂದರು. ಹಂಸಾ ಮಾತಾಡಿದ್ದು ಇಂಗ್ಲಿಷಿನಲ್ಲಿ. ಕನ್ನಡ ನನ್ನದು.

"ಬಾಟಲಿ ಖಾಲಿಯಾದ ತಕ್ಷಣ ರಷ್ಯನ್ನರು ನೆಲಕ್ಕಿಡ್ತಾರೆ. ಮೇಜಿನ ಮೇಲಿಟ್ರೆ ಅಪಶಕುನ. ಅರ್ಕಾದಿಯವರೂ ಹಾಗೇ ಇಡ್ತಿದ್ರು, ಕೆಳಗೆ ನೋಡಿ. ಇಬ್ರು ರಷ್ಯನ್ನರು ಕುಡಿದಿದ್ರೆ ಇದೂ ಅಲ್ಲೇ ಇರ್ತಿತ್ತು. ಜೋಡಿಸಿದವನು ರಷ್ಯನ್ನರನ್ನ ಸಿನಿಮಾದಲ್ಲಿ ಮಾತ್ರ ನೋಡಿದವನು."

"ಹಾಗಾದ್ರೆ ಅರ್ಧ ನ್ಯೂಜೆರ್ಸಿ ಸಸ್ಪೆಕ್ಟ್," ಎಂದ ವೇದ್.

"ಹೌದು. ಆದ್ರೆ ಅರ್ಕಾದಿ ನಿನ್ನ ಸಿನಿಮಾದ ತಪ್ಪುಗಳನ್ನ ಕಂಪ್ಯೂಟರಲ್ಲಿ ಟೈಪ್ ಮಾಡಿದ್ರು. ಪ್ರಿಂಟ್ ತೆಗೆದದ್ದು ಈ ಮನೇಲಿಲ್ಲ. ನೀನು ಓದಿದ್ಯಾ?"

"ಇಲ್ಲ. ಆ ಏಳು ಪುಟ ನಾನು ಮುಟ್ಟೇ ಇಲ್ಲ."

"ಏಳು ಅಂತ ನಾನು ಹೇಳ್ಲಿಲ್ಲ ವೇದ್. ಅದನ್ನ ಕಂಡವರು ನಾನು ಮತ್ತೆ ಸಾರ್ಜೆಂಟ್, ಇಬ್ರೇ."

ವೇದ್ ಕುರ್ಚಿಯಲ್ಲಿ ಕುಸಿದ. "ಲಕೋಟೆ ಕೈಗಿಟ್ಟು, ಏಳು ಪುಟ ತಪ್ಪು ಅಂದ್ರು. ಸ್ಟೇಜ್ ಮೇಲೆ ಹೇಳ್ಬೇಡಿ ಅಂತ ಬೇಡ್ಕೊಂಡೆ. ನಕ್ಕರು. ಐದು ವರ್ಷ ಕೊಟ್ಟಿದ್ದೆ ಆ ಸಿನಿಮಾಗೆ. ತಳ್ಳಿಬಿಟ್ಟೆ." ಆಮೇಲೆ ವೋಡ್ಕಾವನ್ನು ಸಿಂಕಿಗೆ ಸುರಿದು, ಬಟ್ಟೆಯಲ್ಲಿ ಹಿಡಿದು ಬಾಟಲಿ ಜೋಡಿಸಿದ್ದ.

ಒಡೆಯದ ಲಕೋಟೆ ಅವನ ಕಾರಿನಲ್ಲೇ ಸಿಕ್ಕಿತು. ಗ್ಲೆಬ್‌ನ ಬೇಡಿ ಬಿಚ್ಚುತ್ತಿದ್ದಾಗ ಹಂಸಾ ಕಂಪ್ಯೂಟರಿನಿಂದ ತಾವು ತೆಗೆದ ಆ ಪುಟಗಳ ಪ್ರತಿಯನ್ನು ಶ್ರಿಯಾಳಿಗೆ ಕೊಟ್ಟರು. ಮೊದಲ ಸಾಲೇ ಖಾಲಿ ಬಾಟಲಿಯದು. ಅವಳು ಕೊನೆಯ ಪುಟ ತಿರುವಿ, ಅಣ್ಣನಿಗೆ ಕೇಳುವಂತೆ ಓದಿದಳು: "ಮುಂದಿನ ಸಲ ತಿದ್ದಿಕೋ. ಶನಿವಾರ ನಾನು ಇದ್ಯಾವುದನ್ನೂ ಹೇಳುವುದಿಲ್ಲ. ಈ ಹುಡುಗ ನಮ್ಮವರನ್ನು ಪ್ರೀತಿಯಿಂದ ನೋಡಿದ್ದಾನೆ ಎಂದಷ್ಟೇ ಹೇಳುತ್ತೇನೆ."