ಹಾಡುವ ಗಾಜಿಗೆ ತಾಮ್ರದ ಅಂಗಿ

ನಾದವಾಗಿ ಎದೆಯಲ್ಲಿ ನೆಲೆಸಿದ ಸ್ವಾಮಿಗೆ ಶರಣು. ನಮ್ಮೆಲ್ಲರನ್ನು ಹೊತ್ತಿರುವ ಭೂತಾಯಿಗೆ ಶರಣು. ಇನ್ನು ಕತೆ ಕೇಳಿ.

ಬಹಳ ಹಿಂದೆ, ಕಡಲ ನಡುವೆ ಶಂಖದ್ವೀಪವೆಂಬ ರಾಜ್ಯವಿತ್ತು. ಅಲ್ಲಿಯ ಗುಡ್ಡದ ಗುಡಿಯಲ್ಲಿ ಒಂದು ಗಾಜಿನ ಬುರುಡೆ. ಅದರೊಳಗೆ ಕೆಂಡದಂಥ ಎಳೆಯೊಂದು ಸದಾ ಬೆಳಗುತ್ತಿತ್ತು. ಬುಡದಲ್ಲಿದ್ದ ಶಂಖಕ್ಕೆ ಪಿಸುಗುಟ್ಟಿದರೆ ಸಾಕು, ಗಾಜು ಆ ದನಿಯನ್ನು ಕಡಲಾಚೆಗೂ ಕೇಳುವಷ್ಟು ದೊಡ್ಡದು ಮಾಡುತ್ತಿತ್ತು. ಸಂಜೆ ಸಂಜೆ ಪದುಮವ್ವೆ ಎಂಬ ಹುಡುಗಿ ಅಲ್ಲಿ ಕೂತು ಹಾಡುವಳು. ಮಂಜಿನಲ್ಲಿ ದಾರಿ ಕಾಣದ ದೋಣಿಗಳು ಆ ಹಾಡನ್ನೇ ಹಿಡಿದು ಮನೆ ಸೇರುವವು.

ದೂರದ ಕರಿಬಂಡೆಯ ಮೇಲೆ ಝೇಂಕಾರಕೇತು ಎಂಬ ಮಾಂತ್ರಿಕನಿದ್ದ. ದಾರಿ ತಪ್ಪಿದ ದೋಣಿಗಳೆಲ್ಲ ತನ್ನ ಪಾಲಾಗಬೇಕೆಂದು ಅವನ ಆಸೆ. ಒಂದು ಸಂಜೆ, ಪದುಮವ್ವೆಯ ಅಣ್ಣ ಸೋಮನೂ ಕಡಲಲ್ಲಿದ್ದಾಗ, ಮಾಂತ್ರಿಕ ಕಣ್ಣಿಗೆ ಕಾಣದ ದುಂಬಿಗಳನ್ನು ಹಾರಿಬಿಟ್ಟ. ಅವು ಗೋಡೆ ತೂರಿ, ಗಾಜು ತೂರಿ ಒಳಹೊಕ್ಕವು. ಹಾಡು ಯಾವುದು, ದುಂಬಿ ಯಾವುದು, ಗಾಜಿಗೇನು ಗೊತ್ತು? ಎರಡನ್ನೂ ದೊಡ್ಡದು ಮಾಡಿತು. ಗುಂಯ್ ಎಂಬ ಸದ್ದಿನಲ್ಲಿ ಹಾಡು ಮುಳುಗಿಹೋಯಿತು. ದೋಣಿಗಳು ಬಂಡೆಯತ್ತ ತಿರುಗಿದವು.

ಪದುಮವ್ವೆ ದೇವರನ್ನು ನೆನೆದು ಗಾಜಿಗೆ ರೇಷ್ಮೆ ಹೊದಿಸಿದಳು. ದುಂಬಿಗಳು ನಕ್ಕು ತೂರಿಬಂದವು.

"ಬಟ್ಟೆಗೆ ಹೆದರುವ ದುಂಬಿಯೇನೇ ಅದು!" ಎಂದಳು ಗುಡಿ ನೋಡಿಕೊಳ್ಳುವ ಸೋದರತ್ತೆ ಗಿರಿಜವ್ವ. "ಲೋಹ ತಾ."

ಪದುಮವ್ವೆ ದೇವರನ್ನು ನೆನೆದು ತಾಮ್ರದ ಕೊಡ ಕವುಚಿದಳು. ಒಳಗೆ ಬಿಸಿಯೇರಿ, "ಬೆಂದುಹೋದೆ ತಾಯೀ!" ಎಂದು ಗಾಜು ಕೂಗಿಕೊಂಡಿತು.

ಮತ್ತೆ ದೇವರನ್ನು ನೆನೆದು, ತಾಮ್ರದ ತಗಡನ್ನು ಅಂಗಿಯಂತೆ ಸುತ್ತ ತೊಡಿಸಿ, ಬಿಸಿ ಹೋಗಲೆಂದು ತಲೆಯ ಬಳಿ ತೆರೆದುಬಿಟ್ಟಳು. ಗಾಜು ತಣ್ಣಗೆ ಉಸಿರಾಡಿತು. ದುಂಬಿಗಳು ತಗಡಿಗೆ ಸಿಕ್ಕಿಬಿದ್ದವು. ಆದರೆ ಕೆಳಗಿಳಿದು ಹೋಗಲು ದಾರಿ ಕಾಣದೆ ಅಲ್ಲೇ ಗುಂಯ್‌ಗುಟ್ಟತೊಡಗಿದವು.

ದಾರಿಯಾದರೂ ಎಲ್ಲಿತ್ತು? ದೇವರ ಗಾಜು ನೆಲಕ್ಕೆ ಸೋಕಬಾರದೆಂದು ಹಿರಿಯರು ಅದನ್ನು ಶ್ರೀಗಂಧದ ಮಣೆಯ ಮೇಲೆ, ರೇಷ್ಮೆ ಹಾಸಿ ಇಟ್ಟಿದ್ದರು. ಪದುಮವ್ವೆ ತೂಗುದೀಪದ ಸರಪಣಿ ಬಿಚ್ಚಿ ಒಂದು ತುದಿಯನ್ನು ತಗಡಿಗೆ ಕಟ್ಟಿದಳು.

"ಇನ್ನೊಂದು ತುದಿ?" ಎಂದಳು ಅತ್ತೆ.

"ನೆಲಕ್ಕೆ."

"ಅಯ್ಯೋ, ಮೈಲಿಗೆ ಕಣೇ!"

"ಅತ್ತೆ, ಬೆಳಗ್ಗೆ ಎದ್ದು ಕಾಲಿಡುವ ಮುಂಚೆ ನೀವು ಕೈಮುಗಿಯುವುದು ಯಾರಿಗೆ?"

ಗಿರಿಜವ್ವ ಸೆರಗು ಸಿಕ್ಕಿಸಿಕೊಂಡಳು. ಆಮೇಲೆ ತಾನೇ ಬಾಗಿ ಒದ್ದೆ ಮಣ್ಣನ್ನು ಅಗೆದುಕೊಟ್ಟಳು.

ಸರಪಣಿ ಮಣ್ಣು ಮುಟ್ಟಿದ್ದೇ ತಡ, ದುಂಬಿಗಳೆಲ್ಲ ಸರಸರನೆ ಇಳಿದು ಭೂತಾಯಿಯ ಮಡಿಲಲ್ಲಿ ಮಲಗಿಬಿಟ್ಟವು. ಗುಡಿ ನಿಶ್ಶಬ್ದವಾಯಿತು. ಪದುಮವ್ವೆ ಹಾಡಿದಳು. ತಿಳಿನೀರಿನಂಥ ಆ ದನಿ ಕೇಳಿ ದೋಣಿಗಳು ಬಂಡೆಯ ಬಾಯಿಂದಲೇ ಹೊರಳಿ ಬಂದವು.

ಮೊದಲು ದಡ ಹತ್ತಿ ಗುಡಿಗೆ ಓಡಿಬಂದವನು ಸೋಮ. "ಏನೇ, ಹಾಡು ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದೆಯಾ?" ಎಂದ. ಅಂದವನ ಕಣ್ಣಲ್ಲಿ ನೀರು.

ಮಾಂತ್ರಿಕನ ಬಲವೆಲ್ಲ ಆ ದುಂಬಿಗಳಲ್ಲೇ ಇತ್ತು. ಅವನು ಏದುಸಿರು ಬಿಡುತ್ತ ಬಂದು, "ನನ್ನ ದುಂಬಿ ಕೊಡಿ" ಎಂದ.

"ಭೂತಾಯಿ ಇಟ್ಟುಕೊಂಡಿದ್ದಾಳೆ. ಅಡ್ಡಬಿದ್ದು ಕೇಳಪ್ಪ," ಎಂದಳು ಗಿರಿಜವ್ವ.

ಅವನು ಅಡ್ಡಬಿದ್ದ. ಹಣೆಗೆ ಮಣ್ಣು ತಾಗಿದೊಡನೆ ಅವನೊಳಗಿನ ಗುಂಯ್‌ಕಾರವೂ ಇಳಿದುಹೋಯಿತು. ಎದ್ದವನು ನಕ್ಕ. ಅಂದಿನಿಂದ ಹಾಡಿಗೆ ತಾಳ ಹಾಕುತ್ತ ಅವರೊಡನೆಯೇ ಸುಖವಾಗಿದ್ದ.

ಕತೆ ಕೇಳಿದ ನಿಮ್ಮ ಮನೆಯ ಹಾಡು ತಿಳಿಯಾಗಿರಲಿ. ಸಂಜೆಯಾದಾಗ ನಿಮ್ಮವರೆಲ್ಲ ಅದನ್ನು ಹಿಡಿದು ದಡ ಸೇರಲಿ. ಭೂತಾಯಿ ನಿಮ್ಮ ಸಂಕಟಗಳನ್ನೆಲ್ಲ ತನ್ನ ಮಡಿಲಿಗೆ ಇಳಿಸಿಕೊಳ್ಳಲಿ.